ಕೆಟ್ಟ ಗೀಸರು: ದುರಸ್ತಿಯೋ, ಹೊಸದೋ?

ಸ್ನಾನದ ಮನೆಯ ಗೀಸರು ಕೆಟ್ಟು ನಿಂತಾಗ ಮನೆಯವರಿಗೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆಗಳು ದೊರೆಯುತ್ತವೆ. ದುರಸ್ತಿಗೆ ಬಂದ ಮೆಕ್ಯಾನಿಕ್ಕನು "ಕಾಯಿಲ್ ಸುಟ್ಟಿದೆ, ಬೇರೆ ಹಾಕಿದರೆ ಸರಿಹೋಗುತ್ತದೆ" ಎನ್ನುತ್ತಾನೆ. ಅಂಗಡಿಯವನು "ಹಳೆಯದಾಯಿತು, ಸುಮ್ಮನೆ ಕರೆಂಟು ತಿನ್ನುತ್ತದೆ, ಹೊಸದನ್ನೇ ಕೊಳ್ಳಿ" ಎನ್ನುತ್ತಾನೆ. ಒಬ್ಬನ ಜೀವನ ದುರಸ್ತಿಯಿಂದಲೂ ಮತ್ತೊಬ್ಬನದು ಮಾರಾಟದಿಂದಲೂ ಸಾಗತಕ್ಕದ್ದು. ಆದುದರಿಂದ ಇಬ್ಬರ ಮಾತನ್ನೂ ಸುಳ್ಳೆಂದು ತಳ್ಳದೆ, ನಿಜವೆಂದು ಒಡನೆಯೇ ಒಪ್ಪಿಬಿಡದೆ, ನಾವೇ ವಿಚಾರಮಾಡಿ ನೋಡುವುದು ಮೇಲು. ಇದಕ್ಕೆ ಬೇಕಾದ ಭೌತವಿಜ್ಞಾನವು ಹೈಸ್ಕೂಲಿನ ಪಠ್ಯಪುಸ್ತಕವನ್ನು ಹೆಚ್ಚಾಗಿ ಮೀರಿದ್ದಲ್ಲ. ವಿಚಾರದಲ್ಲಿ ಹಣದ ಪ್ರಶ್ನೆಯೊಂದೇ ಅಲ್ಲ, ಮನೆಯವರ ಪ್ರಾಣದ ಪ್ರಶ್ನೆಯೂ ಅಡಗಿರುವುದರಿಂದ ಅದನ್ನು ತುಸು ನಿಧಾನವಾಗಿಯೇ ಪರಿಶೀಲಿಸೋಣ.

'ಗೀಸರ್' ಎಂಬ ಹೆಸರು ಐಸ್‌ಲೆಂಡಿನ ಪ್ರಸಿದ್ಧವಾದ ಬಿಸಿನೀರ ಚಿಲುಮೆಯೊಂದರಿಂದ ಬಂದುದು. ೧೮೬೮ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ಎಂಬಾತನು ಅನಿಲವನ್ನು ಉರಿಸಿ ನೀರು ಕಾಯಿಸುವ ಯಂತ್ರವೊಂದನ್ನು ರಚಿಸಿ ಅದಕ್ಕೆ ಈ ಹೆಸರನ್ನಿಟ್ಟನು. ನಮ್ಮಲ್ಲಿ ಅದು ವಿದ್ಯುತ್ತಿನಿಂದ ನೀರು ಕಾಯಿಸಿ ಶೇಖರಿಸಿಡುವ ಉಪಕರಣಕ್ಕೂ ಸಲ್ಲುತ್ತಿದೆ. ಇದರ ರಚನೆ ಸರಳ. ಒಳಗೆ ಉಕ್ಕಿನದೋ ತಾಮ್ರದ್ದೋ ಆದ ಒಂದು ಟ್ಯಾಂಕು. ಅದರ ಸುತ್ತ ಗಾಜಿನ ಉಣ್ಣೆಯ ಅಥವಾ ಪ್ಲಾಸ್ಟಿಕ್ ನೊರೆಯ ಹೊದಿಕೆ. ಅದರ ಹೊರಗೆ ನಮ್ಮ ಕಣ್ಣಿಗೆ ಕಾಣುವ ಕವಚ. ಟ್ಯಾಂಕಿನ ತಳದಿಂದ ಒಳಕ್ಕೆ ಚಾಚಿದ ತಾಪಕವನ್ನೇ ಜನರು ಕಾಯಿಲ್ ಎನ್ನುವುದು. ನಿಕ್ಕಲ್ ಮತ್ತು ಕ್ರೋಮಿಯಂ ಲೋಹಗಳ ಮಿಶ್ರಣವಾದ ನಿಕ್ರೋಮಿನ ತಂತಿಯನ್ನು ಲೋಹದ ಕೊಳವೆಯೊಳಗಿಟ್ಟು, ನಡುವಣ ಜಾಗದಲ್ಲಿ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಈ ಪುಡಿಯ ಗುಣ ವಿಶೇಷವಾದುದು: ಉಷ್ಣವನ್ನು ತಕ್ಕಮಟ್ಟಿಗೆ ಚೆನ್ನಾಗಿ ಸಾಗಿಸುತ್ತದೆ, ವಿದ್ಯುತ್ತನ್ನು ಮಾತ್ರ ಸಾಗಗೊಡುವುದಿಲ್ಲ. ಇವಲ್ಲದೆ ನೀರು ಗೊತ್ತಾದ ಉಷ್ಣತೆಗೆ ಬಂದೊಡನೆ ಪ್ರವಾಹವನ್ನು ಕಡಿಯುವ ಥರ್ಮೊಸ್ಟಾಟು, ಅದು ಕೈಕೊಟ್ಟರೆ ನೆರವಿಗೆ ಬರುವ ಕಟ್‌ಔಟು, ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಸೇಫ್ಟಿ ವಾಲ್ವು ಮತ್ತು ಮೆಗ್ನೀಸಿಯಂ ಲೋಹದ ಒಂದು ಸಲಾಕೆ ಇರುತ್ತವೆ.

ಮೊದಲು ಅಂಗಡಿಯವನ ಮಾತನ್ನು ಪರೀಕ್ಷಿಸೋಣ. ಹಳೆಯ ಗೀಸರು ಕರೆಂಟು ತಿನ್ನುವುದು ನಿಜವೆ? ೧೫ ಲೀಟರಿನ ಗೀಸರಿನಲ್ಲಿ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ೬೦ ಡಿಗ್ರಿಗೆ ಏರಿಸಬೇಕೆಂದಿಟ್ಟುಕೊಳ್ಳಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು ೪.೨ ಕಿಲೋಜೂಲು ಶಕ್ತಿ ಬೇಕು. ಆದುದರಿಂದ ಒಟ್ಟು ಬೇಕಾದುದು ೧೫ × ೪.೨ × ೪೦, ಎಂದರೆ ೨,೫೨೦ ಕಿಲೋಜೂಲು. ಒಂದು ಯೂನಿಟ್ಟು ೩,೬೦೦ ಕಿಲೋಜೂಲಿಗೆ ಸಮನಾದ್ದರಿಂದ ಇದು ೦.೭ ಯೂನಿಟ್ಟಾಯಿತು. ತಾಪಕವು ೨ ಕಿಲೋವಾಟಿನದಾದರೆ ೨೧ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ತಾಪಕ ಹೊಸದಾಗಿರಲಿ ಹಳೆಯದಾಗಿರಲಿ, ಅದು ನೀರಿನಲ್ಲಿ ಮುಳುಗಿದೆ. ಅದರಲ್ಲಿ ಹುಟ್ಟಿದ ಉಷ್ಣಕ್ಕೆ ನೀರನ್ನು ಬಿಟ್ಟು ಬೇರೆ ಹೋಗುವ ದಾರಿಯೇ ಇಲ್ಲ. ಶಕ್ತಿಸಂರಕ್ಷಣಾ ನಿಯಮಕ್ಕೆ ಗೀಸರಿನ ವಯಸ್ಸು ಗೊತ್ತಿರುವುದಿಲ್ಲ.

ತಾಪಕದ ಮೇಲೆ ಸುಣ್ಣ ಕಟ್ಟಿದರೆ ಹೆಚ್ಚು ವಿದ್ಯುತ್ತು ಖರ್ಚಾಗುತ್ತದೆಂಬ ನಂಬಿಕೆಯೂ ಬಹುಜನರಲ್ಲಿ ಬೇರೂರಿದೆ. ಸೌದೆಯ ಒಲೆಯ ಮೇಲಿನ ಹಂಡೆಗಾಗಲಿ, ಅನಿಲದ ಗೀಸರಿಗಾಗಲಿ ಈ ಮಾತು ಸಲ್ಲುತ್ತದೆ. ಅಲ್ಲಿ ಸುಣ್ಣದ ಪದರ ತಡೆದ ಉಷ್ಣವು ಹೊಗೆಯೊಂದಿಗೆ ಹೊರಟುಹೋಗುತ್ತದೆ. ಮುಳುಗಿದ ತಾಪಕದ ವಿಷಯ ಬೇರೆ. ಸುಣ್ಣದ ಪದರವನ್ನು ದಾಟುವುದು ಕಷ್ಟವಾದಷ್ಟೂ ತಾಪಕದ ಮೈ ಇನ್ನೂ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಉಷ್ಣವು ಪದರದ ಮೂಲಕ ಹೆಚ್ಚು ಬಲವಾಗಿ ಹರಿಯುತ್ತದೆ. ಕೊನೆಗೆ ಎರಡು ಕಿಲೋವಾಟೂ ನೀರನ್ನೇ ಸೇರುತ್ತದೆ.

ಹಾಗಾದರೆ ಸುಣ್ಣದಿಂದ ಹಾನಿಯಿಲ್ಲವೆ? ಹಾನಿಯುಂಟು, ಆದರೆ ಅದು ಬಿಲ್ಲಿಗಲ್ಲ, ತಾಪಕಕ್ಕೆ. ಕೊಳವೆಯ ವ್ಯಾಸ ೮ ಮಿಲಿಮೀಟರು, ಉದ್ದ ೮೦ ಸೆಂಟಿಮೀಟರು ಎಂದಿಟ್ಟುಕೊಂಡರೆ ಅದರ ಮೈಯ ವಿಸ್ತೀರ್ಣ ಸುಮಾರು ೨೦೦ ಚದರ ಸೆಂಟಿಮೀಟರು. ಎಂದರೆ ಪ್ರತಿಯೊಂದು ಚದರ ಸೆಂಟಿಮೀಟರಿನ ಮೂಲಕವೂ ೧೦ ವಾಟು ಹೊರಬರಬೇಕು. ೨ ಮಿಲಿಮೀಟರು ದಪ್ಪದ ತಾಮ್ರವನ್ನು ದಾಟಲು ಈ ಉಷ್ಣಕ್ಕೆ ಅರ್ಧ ಡಿಗ್ರಿಯ ವ್ಯತ್ಯಾಸ ಸಾಕು. ಸುಣ್ಣದ ಪದರದ ಉಷ್ಣವಾಹಕತ್ವವಾದರೋ ತಾಮ್ರದ ಇನ್ನೂರನೆಯ ಒಂದು ಪಾಲಿಗೂ ಕಡಮೆ; ಅಷ್ಟೇ ದಪ್ಪದ ಸುಣ್ಣವನ್ನು ದಾಟಲು ನೂರರಿಂದ ಇನ್ನೂರು ಡಿಗ್ರಿಗಳ ವ್ಯತ್ಯಾಸ ಬೇಕಾಗುತ್ತದೆ. ಸುತ್ತ ನೀರಿದ್ದರೂ ಕೊಳವೆಯು ಇನ್ನೂರು ಡಿಗ್ರಿಯ ಸುಡುಬಿಸಿಯಲ್ಲಿ ದುಡಿಯುತ್ತದೆ, ಒಳಗಿನ ತಂತಿ ಅದಕ್ಕಿಂತಲೂ ಹೆಚ್ಚಿನ ಬಿಸಿಯಲ್ಲಿ. ದಿನವೂ ಹಿಗ್ಗಿ ಕುಗ್ಗಿ ಕೊಳವೆ ಎಲ್ಲಿಯಾದರೂ ಬಿರುಕುಬಿಡುತ್ತದೆ, ಇಲ್ಲವೆ ತಂತಿ ಕಡಿದುಹೋಗುತ್ತದೆ.

ಈ ಸುಣ್ಣ ಬರುವುದು ಗಡಸು ನೀರಿನಿಂದ. ನೆಲದೊಳಗಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯಿಸಿದಾಗ ಒಡೆದು, ಕಾರ್ಬನ್ ಡೈಆಕ್ಸೈಡು ಹೊರಟುಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಉಳಿಯುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಮೀರದಿರುವುದು ಮೇಲೆಂದೂ, ಬೇರೆ ನೀರು ದೊರೆಯದ ಪಕ್ಷದಲ್ಲಿ ೬೦೦ರವರೆಗೆ ಇರಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಕೊಳವೆಬಾವಿಯ ನೀರಿನಲ್ಲಿ ೩೦೦ ಮಿಲಿಗ್ರಾಂ ಇರುವುದೇನೂ ಅಪರೂಪವಲ್ಲ. ಅಂಥ ನೀರನ್ನು ದಿನಕ್ಕೆ ೬೦ ಲೀಟರಿನಂತೆ ಕಾಯಿಸುವ ಮನೆಯಲ್ಲಿ ವರ್ಷಕ್ಕೆ ಆರೂವರೆ ಕಿಲೋಗ್ರಾಂ ಗಡಸುದ್ರವ್ಯ ಗೀಸರಿನ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲು ನಿಂತರೂ ಅರ್ಧ ಕಿಲೋವನ್ನು ಮೀರಿತು. ಬೆಂಗಳೂರಿನಲ್ಲಿ ಕಾವೇರಿಯ ನಲ್ಲಿ ನೀರು ಬರುವ ಮನೆಯ ತಾಪಕವೂ, ಕೊಳವೆಬಾವಿಯನ್ನೇ ನಂಬಿದ ಮನೆಯ ತಾಪಕವೂ ಒಂದೇ ಕಾಲ ಬಾಳುವುದಿಲ್ಲವೆಂಬುದಕ್ಕೆ ಇದೇ ಕಾರಣ. ತಾಪಕವನ್ನು ಹೊರತೆಗೆಸಿದಾಗ ಅದನ್ನು ನಿಂಬೆಹುಳಿಯ ಅಥವಾ ವಿನಿಗರಿನ ದ್ರಾವಣದಲ್ಲಿ ನೆನೆಹಾಕಿದರೆ ನೊರೆಯೆದ್ದು ಸುಣ್ಣ ಕರಗುವುದನ್ನು ವಿದ್ಯಾರ್ಥಿಗಳು ನೋಡಬಹುದು. ಪ್ರಯೋಗಶಾಲೆಯ ತೀಕ್ಷ್ಣವಾದ ಹೈಡ್ರೊಕ್ಲೋರಿಕ್ ಆಮ್ಲವನ್ನು ಮಾತ್ರ ಈ ಕೆಲಸಕ್ಕೆ ಬಳಸಕೂಡದು. ಅದು ಸುಣ್ಣದೊಂದಿಗೆ ಲೋಹವನ್ನೂ ತಿನ್ನುತ್ತದೆ.

ನೀರು ಮೊದಲಿನಷ್ಟು ಬೇಗ ಕಾಯುವುದಿಲ್ಲವೆಂಬ ದೂರಿಗೆ ಗೀಸರು ಕಾರಣವಾಗಿರಲೇಬೇಕೆಂದಿಲ್ಲ. ತಾಪಕವು ಉತ್ಪಾದಿಸುವ ಉಷ್ಣ ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿರುತ್ತದೆ. ೨೩೦ ವೋಲ್ಟಿಗೆ ಬದಲಾಗಿ ೧೯೦ ವೋಲ್ಟು ಬಂದರೆ ೨ ಕಿಲೋವಾಟಿನ ತಾಪಕ ೧.೩೭ ಕಿಲೋವಾಟಿನದಾಗುತ್ತದೆ, ೨೧ ನಿಮಿಷದ ಕೆಲಸಕ್ಕೆ ೩೧ ನಿಮಿಷ ಹಿಡಿಯುತ್ತದೆ. ಇಂಥ ಮನೆಯಲ್ಲಿ ಹೊಸ ಗೀಸರನ್ನು ತಂದರೂ ಅದು ಹಳೆಯದರಂತೆಯೇ ನಿಧಾನ. ನೀರು ಬೇಗ ಕಾದರೂ ಬಿಸಿನೀರು ಅರ್ಧ ಬಕೀಟಿಗೇ ಮುಗಿದುಹೋಗುವುದಾದರೆ ಬೇರೆ ಕಾರಣವನ್ನು ಹುಡುಕಬೇಕು. ಬಿಸಿನೀರು ಹಗುರವಾದುದರಿಂದ ಟ್ಯಾಂಕಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಗೋಡೆಗೆ ನೇರವಾಗಿ ನಿಲ್ಲಿಸಿದ ಗೀಸರಿನಲ್ಲಿ ಹೊರಹೋಗುವ ಕೊಳವೆಯು ಟ್ಯಾಂಕಿನೊಳಗೆ ಮೇಲಿನವರೆಗೂ ಏರಿ, ಅಲ್ಲಿಂದ ಬಿಸಿನೀರನ್ನು ತೆಗೆದುಕೊಳ್ಳುತ್ತದೆ. ಈ ಒಳಕೊಳವೆ ಬುಡದಲ್ಲಿ ತೂತಾದರೆ ತಳದ ತಣ್ಣೀರು ಬೆರೆತು ನಲ್ಲಿಯಲ್ಲಿ ಉಗುರುಬೆಚ್ಚನೆಯ ನೀರು ಬರುತ್ತದೆ. ಥರ್ಮೊಸ್ಟಾಟಿನ ಸುತ್ತ ಸುಣ್ಣ ಕಟ್ಟಿ, ತಾಪಕದ ಬಿಸಿಯೇ ಅದಕ್ಕೆ ತಾಗಿ, ಅದು ಹೊತ್ತಿಗೆ ಮುಂಚೆ ಪ್ರವಾಹವನ್ನು ಕಡಿಯುವುದೂ ಉಂಟು. ಇವೆಲ್ಲ ದುರಸ್ತಿಯ ಬಾಬುಗಳು.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ತಾಪಕ ಎರಡು ರೀತಿಯಲ್ಲಿ ಕೆಡಬಹುದು. ತಂತಿ ಕಡಿದರೆ ನೀರು ಕಾಯುವುದಿಲ್ಲ, ಅಷ್ಟೆ; ಇದು ನಿರಪಾಯವಾದ ಕೇಡು. ಆದರೆ ಕೊಳವೆ ಬಿರುಕುಬಿಟ್ಟು ನೀರು ಒಳಸೇರಿದರೆ ಮೆಗ್ನೀಸಿಯಂ ಆಕ್ಸೈಡಿನ ಪುಡಿ ತೇವವಾಗಿ ತನ್ನ ಅವಾಹಕ ಗುಣವನ್ನು ಕಳೆದುಕೊಳ್ಳುತ್ತದೆ. ಆಗ ನೀರು ಎಂದಿನಂತೆಯೇ ಕಾಯುತ್ತಿದ್ದರೂ ವಿದ್ಯುತ್ತು ನೀರಿಗೂ ಟ್ಯಾಂಕಿಗೂ ಸೋರುತ್ತಿರುತ್ತದೆ. ತಂತಿಗೂ ಕೊಳವೆಗೂ ನಡುವಣ ರೋಧವು ಹತ್ತು ಲಕ್ಷ ಓಮಿಗೆ ಕಡಮೆಯಿಲ್ಲದಿದ್ದರೆ ಸೋರುವ ಪ್ರವಾಹ ಕಾಲು ಮಿಲಿಆಂಪಿಯರನ್ನು ದಾಟುವುದಿಲ್ಲ. ಅದೇ ರೋಧ ಹತ್ತು ಸಾವಿರ ಓಮಿಗೆ ಇಳಿದರೆ ೨೩ ಮಿಲಿಆಂಪಿಯರು ಸೋರುತ್ತದೆ. ಒದ್ದೆ ನೆಲದ ಮೇಲೆ ಒದ್ದೆ ಮೈಯಲ್ಲಿ ನಿಂತವನು ನಲ್ಲಿ ಮುಟ್ಟಿದರೆ ಇಷ್ಟು ಪ್ರವಾಹ ಸ್ನಾಯುಗಳನ್ನು ಬಿಗಿಹಿಡಿದು ಕೈ ಬಿಡಿಸಿಕೊಳ್ಳಲಾಗದಂತೆ ಮಾಡಬಲ್ಲದು. ಗೀಸರಿನ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನು ಈ ಸೋರಿಕೆಯನ್ನು ಸುಲಭವಾದ ದಾರಿಯಿಂದ ಭೂಮಿಗೆ ಒಯ್ಯುವುದಕ್ಕಾಗಿಯೇ ಇದೆ. ಆ ಪಿನ್ನಿಗೆ ಸಂಬಂಧಪಟ್ಟ ಅರ್ತ್ ತಂತಿ ಗೋಡೆಯೊಳಗೆ ಎಲ್ಲಿಗೂ ಸೇರದೆ ಸುಮ್ಮನೆ ಕೊನೆಗೊಳ್ಳುವ ಮನೆಗಳೂ ಉಂಟೆಂಬುದು ಖೇದದ ಸಂಗತಿ. ಮನೆಯಲ್ಲಿ ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚಿದ್ದರೆ ಸೋರಿಕೆ ಬೆಳೆದಾಗ ಅದು ತಾನಾಗಿಯೇ ಬೀಳುತ್ತದೆ. ಗೀಸರನ್ನು ಹಾಕಿದಾಗಲೆಲ್ಲ ಅದು ಬೀಳುತ್ತಿದ್ದರೆ ತಪ್ಪು ಸ್ವಿಚ್ಚಿನದೆಂದು ಬಗೆದು ಅದನ್ನು ಬಿಟ್ಟು ನೇರವಾಗಿ ತಂತಿ ಜೋಡಿಸಿಕೊಡುವ ಚತುರರಿದ್ದಾರೆ. ಅಂಥ ಚಾತುರ್ಯಕ್ಕೆ ಅವಕಾಶ ಕೊಡಕೂಡದು. ತಾಪಕವನ್ನು ಬದಲಾಯಿಸಿ, ರೋಧವನ್ನು ಮೆಗ್ಗರಿನಿಂದ ಅಳೆಸುವವರೆಗೂ ಗೀಸರಿನ ಮುಖ್ಯ ಸ್ವಿಚ್ಚು ಆರಿಯೇ ಇರಬೇಕು. ಕವಚವನ್ನು ತೆಗೆದು ಅಳತೆ ಮಾಡುವ ಸಾಹಸಕ್ಕೆ ವಿದ್ಯಾರ್ಥಿಗಳು ತಾವಾಗಿ ಕೈಹಾಕತಕ್ಕದ್ದಲ್ಲ.

ಥರ್ಮೊಸ್ಟಾಟು ಮತ್ತು ಕಟ್‌ಔಟುಗಳು ಅಗ್ಗವಾದ ಬಿಡಿಭಾಗಗಳು. ಆದರೆ ಅವೆರಡೂ ಕೆಟ್ಟು, ಸೇಫ್ಟಿ ವಾಲ್ವಿನಲ್ಲಿಯೂ ಸುಣ್ಣ ಕಟ್ಟಿದ್ದರೆ ಆಗತಕ್ಕುದನ್ನು ಲೆಕ್ಕಹಾಕಿ ನೋಡಿ. ಒತ್ತಡವು ವಾಯುಮಂಡಲದ ಒತ್ತಡದ ಎರಡರಷ್ಟಾದಾಗ ನೀರು ಸುಮಾರು ೧೨೦ ಡಿಗ್ರಿಯವರೆಗೆ ಕುದಿಯದೆ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಟ್ಯಾಂಕು ಒಡೆದರೆ ನೀರು ಒಮ್ಮೆಗೇ ೧೦೦ ಡಿಗ್ರಿಗೆ ಇಳಿಯಬೇಕು. ಹೆಚ್ಚಿನ ಉಷ್ಣವೆಲ್ಲ ನೀರಿನ ಒಂದು ಭಾಗವನ್ನು ಹಬೆಯಾಗಿಸುವುದರಲ್ಲಿ ವ್ಯಯವಾಗುತ್ತದೆ. ೧೫ ಕಿಲೋಗ್ರಾಂ ನೀರಿನಿಂದ ಅರ್ಧ ಕಿಲೋಗ್ರಾಮಿಗೂ ಹೆಚ್ಚು ಹಬೆ ಹುಟ್ಟುತ್ತದೆ, ಅದರ ಗಾತ್ರ ಸುಮಾರು ೯೦೦ ಲೀಟರು. ೧೫ ಲೀಟರಿನ ಪಾತ್ರೆಯಿಂದ ಕ್ಷಣಮಾತ್ರದಲ್ಲಿ ೯೦೦ ಲೀಟರು ಹಬೆ ಹೊರಬೀಳುವುದಕ್ಕೆ ಸ್ಫೋಟವೆಂದೇ ಹೆಸರು. ಆದುದರಿಂದ ನಲ್ಲಿಯಲ್ಲಿ ಕುದಿನೀರೂ ಹಬೆಯೂ ಬುಸುಗುಟ್ಟಿಕೊಂಡು ಬಂದರೆ ಸ್ವಿಚ್ಚನ್ನು ಒಡನೆಯೇ ಆರಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ, ನೀರು ಕಾಯುತ್ತಿರುವಾಗ ವಾಲ್ವಿನಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕಿದರೆ ಅನೇಕರು ಗಾಬರಿಗೊಂಡು ಗೀಸರು ತೂತಾಯಿತೆಂದು ತಿಳಿಯುತ್ತಾರೆ. ೨೦ರಿಂದ ೬೦ ಡಿಗ್ರಿಗೆ ಕಾಯುವಾಗ ನೀರು ನೂರಕ್ಕೆ ಒಂದೂವರೆ ಪಾಲು ಹಿಗ್ಗುತ್ತದೆ. ೧೫ ಲೀಟರಿಗೆ ಇದು ಸುಮಾರು ೨೩೦ ಮಿಲಿಲೀಟರು. ತಣ್ಣೀರ ಕೊಳವೆಯಲ್ಲಿ ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಈ ಒಂದು ಲೋಟ ನೀರು ವಾಲ್ವಿನಿಂದಲೇ ಹೊರಬರಬೇಕು. ಅದು ರೋಗವಲ್ಲ, ಆರೋಗ್ಯದ ಲಕ್ಷಣ. ತೊಟ್ಟಿಕ್ಕುವುದನ್ನು ನಿಲ್ಲಿಸಲೆಂದು ವಾಲ್ವಿನ ಬಾಯಿಗೆ ಬಿರಡೆ ಹಾಕುವುದು ಮೇಲೆ ಹೇಳಿದ ಸ್ಫೋಟಕ್ಕೆ ಆಹ್ವಾನವಿತ್ತಂತೆ.

ಇಲ್ಲಿಯವರೆಗೆ ಹೇಳಿದ ಯಾವ ಕೇಡಿಗೂ ಹೊಸ ಗೀಸರು ಬೇಕಾಗಿಲ್ಲ. ಬೇಕಾಗುವುದು ಟ್ಯಾಂಕು ಸೋರಿದಾಗ. ಕವಚದ ಕೆಳಗಿನಿಂದ ನೀರು ಇಳಿಯುವುದನ್ನು ಕಂಡರೆ ಮೊದಲು ವಾಲ್ವು, ಕೊಳವೆಗಳ ಕೂಡುಸ್ಥಾನ, ತಾಪಕವನ್ನು ಕೂರಿಸಿರುವ ತಟ್ಟೆಯ ರಬ್ಬರು—ಇವನ್ನೆಲ್ಲ ಒರಸಿ ಒಣಗಿಸಿ ಒಂದು ಗಂಟೆಯ ಅನಂತರ ನೋಡಬೇಕು. ರಬ್ಬರಾದರೆ ಅಲ್ಪ ವೆಚ್ಚ. ಇವಾವುವೂ ಒದ್ದೆಯಾಗದೆ ನೀರು ಹೊದಿಕೆಯೊಳಗಿನಿಂದಲೇ ಬರುತ್ತಿದ್ದರೆ, ಅದರಲ್ಲಿಯೂ ತುಕ್ಕಿನ ಬಣ್ಣ ಕಂಡರೆ, ಟ್ಯಾಂಕಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನಂಥ ಎನಾಮಲ್ಲಿನ ಲೇಪವಿರುತ್ತದೆ. ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ತಪ್ಪುವುದಿಲ್ಲ; ಅಲ್ಲಿ ಉಕ್ಕು ನೀರಿಗೆ ತೆರೆದುಕೊಳ್ಳುತ್ತದೆ. ಆ ಉಕ್ಕನ್ನು ಕಾಯುವುದೇ ಮೆಗ್ನೀಸಿಯಂ ಸಲಾಕೆಯ ಕೆಲಸ. ಇದನ್ನು ಆನೋಡು ಎನ್ನುತ್ತಾರೆ. ಕಬ್ಬಿಣಕ್ಕಿಂತ ಮೆಗ್ನೀಸಿಯಂ ಹೆಚ್ಚು ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಿಂದ, ಎರಡೂ ಲೋಹಗಳು ಒಂದನ್ನೊಂದು ಸೇರಿಕೊಂಡು ನೀರಿನಲ್ಲಿದ್ದಾಗ ಮೆಗ್ನೀಸಿಯಂ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ೧೮೨೪ರಲ್ಲಿ ಸರ್ ಹಂಫ್ರಿ ಡೇವಿಯು ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡನ್ನು ಸತುವಿನ ಮತ್ತು ಕಬ್ಬಿಣದ ತುಂಡುಗಳಿಂದ ರಕ್ಷಿಸಬಹುದೆಂದು ತೋರಿಸಿದ್ದು ಇದೇ ತತ್ತ್ವದ ಮೇಲೆ. ತಾಮ್ರ ಉಳಿಯಿತು, ಆದರೆ ತಾಮ್ರ ಕರಗದಿದ್ದುದರಿಂದಲೇ ಅದರ ವಿಷವಿಲ್ಲದೆ ಸಮುದ್ರದ ಚಿಪ್ಪುಜೀವಿಗಳು ತಳಕ್ಕೆ ಮುತ್ತಿಕೊಂಡು ಹಡಗುಗಳ ವೇಗ ಕುಗ್ಗಿತು! ಗೀಸರಿನಲ್ಲಿ ಆ ತೊಂದರೆಯಿಲ್ಲ. ಇಲ್ಲಿನ ತೊಂದರೆ ಸಲಾಕೆಯು ಮುಗಿದುಹೋಗುವುದು. ೧೦೦ ಗ್ರಾಂ ಮೆಗ್ನೀಸಿಯಂ ಕರಗಿದರೆ ಫ್ಯಾರಡೆಯ ನಿಯಮದಂತೆ ಸುಮಾರು ೨೨೦ ಆಂಪಿಯರು-ಗಂಟೆಗಳ ವಿದ್ಯುತ್ತು ದೊರೆಯಬೇಕು. ರಕ್ಷಣೆಗೆ ೧೦ ಮಿಲಿಆಂಪಿಯರು ಬೇಕೆಂದಿಟ್ಟುಕೊಂಡರೆ ಇದು ಎರಡೂವರೆ ವರ್ಷಕ್ಕೆ ಬರುತ್ತದೆ; ಸಲಾಕೆಯ ಅರ್ಧದಷ್ಟು ತಾನೇ ನೀರಿನೊಡನೆ ವರ್ತಿಸಿ ವ್ಯರ್ಥವಾಗುವುದರಿಂದ ನಿಜವಾಗಿ ಒಂದೂಕಾಲು ವರ್ಷಕ್ಕೆ. ಅನಂತರ ತುಕ್ಕು ಉಕ್ಕನ್ನೇ ಹಿಡಿಯುತ್ತದೆ. ಒಂದು ತೂತು ಕಂಡಿತೆಂದರೆ ಅದರ ಅಕ್ಕಪಕ್ಕದಲ್ಲಿ ತೂತಾಗಲಿರುವ ಜಾಗಗಳು ಹಲವಿರುತ್ತವೆ. ಬೆಸುಗೆ ಹಾಕಿಸೋಣವೆಂದರೆ ಬೆಸುಗೆಯ ಬಿಸಿಗೆ ಸುತ್ತಲಿನ ಎನಾಮಲ್ಲು ಸಿಡಿದುಹೋಗುತ್ತದೆ.

ನಮ್ಮ ಬಚ್ಚಲುಮನೆಗಳ ತಾಮ್ರದ ಹಂಡೆ ಎರಡು ಮೂರು ತಲೆಮಾರು ಬಾಳಿತೆಂದು ಹಿರಿಯರು ಹೇಳುವುದುಂಟು. ಅದರಲ್ಲಿ ಅತಿಶಯೋಕ್ತಿಯೇನಿಲ್ಲ. ತಾಮ್ರಕ್ಕೆ ತುಕ್ಕು ಹಿಡಿಯದು, ಬಾಯಿ ತೆರೆದಿರುವ ಪಾತ್ರೆಯಾದ್ದರಿಂದ ಸುಣ್ಣವನ್ನು ಉಜ್ಜಿ ತೆಗೆಯಬಹುದು, ಒಳಗೆ ಒತ್ತಡವಿಲ್ಲ, ತೂತಾದರೆ ಬೆಸುಗೆ ನಿಲ್ಲುತ್ತದೆ. ಮುಚ್ಚಿದ ಉಕ್ಕಿನ ಟ್ಯಾಂಕಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ.

ಹೊಸ ಗೀಸರಿನಿಂದ ವಿದ್ಯುತ್ತು ಉಳಿಯುವುದೇ ಇಲ್ಲವೆಂದು ಹೇಳಲಾಗದು. ಕಾದ ನೀರು ಸುಮ್ಮನೆ ನಿಂತಿರುವಾಗ ಹೊದಿಕೆಯ ಮೂಲಕ ಕಳೆದುಕೊಳ್ಳುವ ಉಷ್ಣ ಹಳೆಯ ಮತ್ತು ಹೊಸ ಗೀಸರುಗಳಲ್ಲಿ ಬೇರೆಬೇರೆ. ಗೀಸರುಗಳ ಮೇಲೆ ಅಂಟಿಸುವ ನಕ್ಷತ್ರಗಳ ಚೀಟಿ ಸೂಚಿಸುವುದು ಇದೊಂದನ್ನೇ: ಸುತ್ತಲಿನ ಗಾಳಿಗಿಂತ ನೀರು ೪೫ ಡಿಗ್ರಿ ಬಿಸಿಯಾಗಿದ್ದಾಗ ೨೪ ಗಂಟೆಗಳಲ್ಲಿ ಎಷ್ಟು ಯೂನಿಟ್ಟು ನಷ್ಟವಾಗುತ್ತದೆಂಬುದನ್ನು. ಮನೆಯ ಗೀಸರಿನ ನಷ್ಟವನ್ನು ಅಳೆಯುವುದು ಕಷ್ಟವಲ್ಲ. ರಾತ್ರಿ ನೀರು ಪೂರ್ತಿ ಕಾದ ಮೇಲೆ ಸ್ವಿಚ್ಚು ಆರಿಸಿ, ಕೊಳವೆಯಲ್ಲಿ ನಿಂತ ನೀರನ್ನು ಹರಿಯಬಿಟ್ಟು, ಒಂದು ಲೋಟ ಹಿಡಿದು ಉಷ್ಣತೆಯನ್ನು ನೋಡಿ. ಹತ್ತು ಗಂಟೆಗಳ ಅನಂತರ ಮತ್ತೆ ಅದೇ ರೀತಿ ನೋಡಿ. ೬೦ ಡಿಗ್ರಿ ಇದ್ದುದು ೪೮ಕ್ಕೆ ಇಳಿದಿದ್ದರೆ ನಷ್ಟ ೧೫ × ೪.೨ × ೧೨, ಎಂದರೆ ೭೫೬ ಕಿಲೋಜೂಲು, ಅಥವಾ ೦.೨೧ ಯೂನಿಟ್ಟು. ಇಡೀ ದಿನ ಸ್ವಿಚ್ಚು ಹಾಕಿಯೇ ಇಟ್ಟರೆ ಇದು ಅರ್ಧ ಯೂನಿಟ್ಟನ್ನು ಮೀರುತ್ತದೆ. ಒಳ್ಳೆಯ ಹೊದಿಕೆಯ ಹೊಸ ಗೀಸರು ದಿನಕ್ಕೆ ಕಾಲು ಯೂನಿಟ್ಟು ಉಳಿಸಿತೆನ್ನೋಣ. ವರ್ಷಕ್ಕೆ ೯೧ ಯೂನಿಟ್ಟು, ಯೂನಿಟ್ಟಿಗೆ ೬ ರೂಪಾಯಿಯಂತೆ ೫೪೬ ರೂಪಾಯಿ. ಆದರೆ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಸ್ನಾನಕ್ಕೆ ಇಳಿಯುವ ಮೊದಲೇ ಆರಿಸುವ ಮನೆಯಲ್ಲಿ ಈ ಉಳಿತಾಯದ ಬಹುಭಾಗ ಸ್ವಿಚ್ಚಿನಿಂದಲೇ ಆಗಿಹೋಗಿರುತ್ತದೆ. ಸೋರಿಕೆಯಿಂದ ಹೊದಿಕೆ ಒದ್ದೆಯಾಗಿದ್ದರೆ ಮಾತ್ರ ಲೆಕ್ಕ ಬೇರೆ: ನೀರಿನ ಉಷ್ಣವಾಹಕತ್ವ ಒಣಗಿದ ಗಾಜಿನ ಉಣ್ಣೆಯದಕ್ಕಿಂತ ಹದಿನೈದರಷ್ಟು ಹೆಚ್ಚು. ಕವಚವನ್ನು ಮುಟ್ಟಿದಾಗ ಒಂದು ಕಡೆ ವಿಶೇಷವಾಗಿ ಬಿಸಿ ಕಂಡರೆ ಹೀಗೇ ಆಗಿರಬೇಕೆಂದು ಸಂಶಯಿಸಬಹುದು.

ಈಗ ಹಣದ ಲೆಕ್ಕ. ಹೊಸ ಗೀಸರಿಗೆ ೮,೦೦೦ ರೂಪಾಯಿ, ಅದು ಹತ್ತು ವರ್ಷ ಬಾಳುವುದೆಂದು ಊಹಿಸಿದರೆ ವರ್ಷಕ್ಕೆ ೮೦೦ ರೂಪಾಯಿ ತಗಲಿತು. ತಾಪಕ ಮತ್ತು ಕೂಲಿ ಸೇರಿ ೧,೨೦೦ ರೂಪಾಯಿ, ಮೂರು ವರ್ಷ ನಡೆಯುವುದಾದರೆ ವರ್ಷಕ್ಕೆ ೪೦೦. ದುರಸ್ತಿಯೇ ಲಾಭ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ದುರಸ್ತಿಯ ಆಯುಷ್ಯವೆಂದರೆ ಹೊಸ ತಾಪಕದ ಆಯುಷ್ಯವಲ್ಲ. ತಾಪಕ ಮತ್ತು ಟ್ಯಾಂಕು ಎರಡರಲ್ಲಿ ಯಾವುದು ಮೊದಲು ಸಾಯುವುದೋ ಅದರದು. ಟ್ಯಾಂಕು ಇನ್ನು ಒಂದೇ ವರ್ಷ ಬಾಳುವುದಾದರೆ ಅದೇ ೧,೨೦೦ ರೂಪಾಯಿ ಆ ಒಂದು ವರ್ಷದ ಮೇಲೆಯೇ ಬಿದ್ದು ದುರಸ್ತಿಯು ದುಬಾರಿಯಾಗುತ್ತದೆ. ಆದುದರಿಂದ ಮೆಕ್ಯಾನಿಕ್ಕನು ತಾಪಕವನ್ನು ಬಿಚ್ಚಿದಾಗ ಆನೋಡನ್ನೂ ಹೊರತೆಗೆಸಿ ನೋಡಬೇಕು, ಟಾರ್ಚು ಹಿಡಿದು ಟ್ಯಾಂಕಿನ ಒಳಮೈಯನ್ನೂ ನೋಡಬೇಕು. ಸಲಾಕೆ ಇನ್ನೂ ಉಳಿದಿದ್ದು ಎನಾಮಲ್ಲು ಸ್ವಚ್ಛವಾಗಿದ್ದರೆ ಗೀಸರಿಗೆ ಎಷ್ಟೇ ವರ್ಷವಾಗಿದ್ದರೂ ತಾಪಕದ ವೆಚ್ಚಕ್ಕೆ ಹಿಂಜರಿಯಬೇಕಾಗಿಲ್ಲ. ಸಲಾಕೆಯ ಜಾಗದಲ್ಲಿ ಬರಿಯ ತಂತಿ ಉಳಿದು, ಒಳಗೆ ತುಕ್ಕಿನ ಗುಳ್ಳೆಗಳು ಎದ್ದಿದ್ದರೆ ನಾಲ್ಕೇ ವರ್ಷದ ಗೀಸರಿಗೂ ಹಣ ಸುರಿಯುವುದು ಸಲ್ಲದು.

ಹೊಸದನ್ನು ಕೊಳ್ಳಬೇಕಾಗಿ ಬಂದಲ್ಲಿ ಬಣ್ಣಕ್ಕಿಂತ ಮೊದಲು ಫಲಕದ ಮೇಲೆ ಬರೆದಿರುವ ಒತ್ತಡವನ್ನು ನೋಡಿ. ಮೇಲಿನ ತೊಟ್ಟಿ ಗೀಸರಿಗಿಂತ ಹತ್ತು ಮೀಟರು ಎತ್ತರದಲ್ಲಿದ್ದರೆ ಅದು ಸುಮಾರು ಒಂದು ಬಾರ್ ಒತ್ತಡವನ್ನು ಕೊಡುತ್ತದೆ; ಬಹುಮಹಡಿ ಕಟ್ಟಡದ ಕೆಳ ಅಂತಸ್ತಿನಲ್ಲಿ, ಅಥವಾ ಪಂಪಿನಿಂದ ನೀರು ನೂಕುವ ಮನೆಯಲ್ಲಿ, ಅದಕ್ಕೆ ತಕ್ಕ ಬಲದ ಟ್ಯಾಂಕು ಬೇಕು. ಹಳೆಯ ವಾಲ್ವನ್ನು ಹೊಸ ಗೀಸರಿಗೆ ಹಾಕಿಸಬೇಡಿ. ಅರ್ತ್ ತಂತಿಯನ್ನು ಪರೀಕ್ಷಿಸದೆ ಪ್ಲಗ್ಗು ಚುಚ್ಚಗೊಡಬೇಡಿ. ಕೊಂಡ ತಿಂಗಳನ್ನು ಕವಚದ ಮೇಲೆಯೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ, ಕೊಳವೆಬಾವಿಯ ನೀರಾದರೆ ವರ್ಷ ತುಂಬುತ್ತಲೂ, ನದಿಯ ನೀರಾದರೆ ಎರಡನೆಯ ವರ್ಷದಲ್ಲಿಯೂ ಆನೋಡನ್ನು ಬಿಚ್ಚಿಸಿ ನೋಡಿ, ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬೇರೆ ಹಾಕಿಸಿ.